ಬೇರು ಇಟ್ಟ ಲೆಕ್ಕ

ನಮ್ಮ ನವಲಗುಂದದ ಕಡೆ ಎತ್ತು ಕೊಳ್ಳುವವರು ಮೊದಲು ಅದರ ಬಾಯಿ ನೋಡುತ್ತಾರೆ. ಅಜ್ಜ ಎಡಗೈಯಲ್ಲಿ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಳತುಟಿ ಇಳಿಸಿ, "ನಾಲ್ಕ ಹಲ್ಲ ಐತಿ" ಅಂದರೆ ಮೂರು ವರ್ಷದ ಆಸುಪಾಸು. ಮುಂದಿನ ಎಂಟೂ ಹಲ್ಲು ಬಂದಿದ್ದರೆ, "ಬಾಯಿ ಕೂಡೇತಿ, ಇನ್ನ ವಯಸ್ಸು ಹೇಳೂದು ಕಷ್ಟ" ಅನ್ನುತ್ತಿದ್ದ.

ಹೊರಗಿನ ಲೆಕ್ಕ ಅಲ್ಲಿಗೆ ನಿಂತರೂ ಒಳಗೆ ಬೇರು ಎಣಿಸುತ್ತಲೇ ಇರುತ್ತದಂತೆ. ಅದನ್ನು ಓದಿದ ದಿನ ನನಗೆ ಅಜ್ಜನ ಹೆಬ್ಬೆರಳೇ ಕಣ್ಣಮುಂದೆ ಬಂತು.

ಹಲ್ಲು ದವಡೆಯಲ್ಲಿ ಗೂಟದ ಹಾಗೆ ನೆಟ್ಟದ್ದಲ್ಲ. ಸಣ್ಣ ಸಣ್ಣ ನಾರುಗಳು ಅದನ್ನು ಹಿಡಿದಿವೆ. ನಾರಿನ ಒಂದು ತುದಿ ಎಲುಬಿನಲ್ಲಿ, ಇನ್ನೊಂದು ತುದಿ ಬೇರಿನ ಮೇಲಿನ ಸಿಮೆಂಟಮ್ ಎಂಬ ಪದರಿನಲ್ಲಿ. ಈ ಪದರು ಹುಟ್ಟುವ ಬಗೆ ನೋಡಿ. ಬೇರು ಬೆಳೆಯುವಾಗ ಅದರ ಸುತ್ತ ಜೀವಕೋಶಗಳದೇ ಒಂದು ಪೊರೆ ಇರುತ್ತದೆ, ಹರ್ಟ್‌ವಿಗ್ ಪೊರೆ. ಬೇರಿಗೆ ಆಕಾರ ಕೊಡುವುದು ಅದೇ. ಆಕಾರ ಬಂತೋ, ಪೊರೆ ಹರಿದು ಜಾಳಾಗುತ್ತದೆ. ಆ ಕಿಂಡಿಗಳಲ್ಲಿ ಹೊರಗಿನ ಕೋಶಗಳು ನುಸುಳಿ ಬಂದು ಬೇರನ್ನು ಮುಟ್ಟುತ್ತವೆ. ಮುಟ್ಟಿದ ಮೇಲೆ ಅವು ಸಿಮೆಂಟಮ್ ಕಟ್ಟುವ ಕೋಶಗಳು! ನಾರಿನ ತುದಿಗಳನ್ನು ಒಳಗೆ ಸೇರಿಸಿಕೊಂಡೇ ಕಟ್ಟುತ್ತವೆ. ಬೇರಿನ ತುದಿಯ ಕಡೆ ಕೆಲವು ಕೋಶಗಳು ತಾವು ಕಟ್ಟಿದ್ದರೊಳಗೇ ಸಿಕ್ಕಿಬೀಳುತ್ತವೆ. ಅಲ್ಲಿ ರಕ್ತನಾಳವಿಲ್ಲ, ನಾರುಗಳಿರುವ ಕಡೆಗೆ ಸಣ್ಣ ಎಳೆ ಚಾಚಿ ಆಹಾರ ಪಡೆದು ಬದುಕುತ್ತವೆ. ಹರಿದ ಪೊರೆಯ ಚೂರುಗಳೂ ಪೂರ್ತಿ ಹೋಗುವುದಿಲ್ಲ. ಬೇರಿನ ಸುತ್ತ ಬಲೆಯಂತೆ ಉಳಿದುಕೊಂಡ ಅವನ್ನು 1885ರಲ್ಲಿ ಫ್ರಾನ್ಸಿನ ಮಲಾಸೆ ವಿವರಿಸಿದ. ಇಂದಿಗೂ ಅವಕ್ಕೆ ಅವನದೇ ಹೆಸರು.

ವಸಡಿನ ಹತ್ತಿರ ಸಿಮೆಂಟಮ್ ತಲೆಗೂದಲಿಗಿಂತ ತೆಳು. ಎಲುಬು ಕರಗುತ್ತ, ಹೊಸದಾಗುತ್ತ ಇರುತ್ತದೆ. ಇದು ಹಾಗಲ್ಲ, ಹಳೆಯದನ್ನು ಇಟ್ಟುಕೊಂಡು ಅದರ ಮೇಲೆಯೇ ಹೊಸ ಪದರು ಹಾಕುತ್ತ ಹೋಗುತ್ತದೆ. ಬೇರನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟರೆ ಒಂದು ತಿಳಿ, ಒಂದು ಕಪ್ಪು ಗೆರೆ. ಆ ಜೋಡಿ ಒಂದು ವರ್ಷ ಎಂದು ಎಣಿಸುತ್ತಾರೆ. ಹಲ್ಲು ಮೂಡುವ ವಯಸ್ಸನ್ನು ಅದಕ್ಕೆ ಕೂಡಿಸಿದರೆ ಆಯುಷ್ಯ ಹೆಚ್ಚುಕಡಿಮೆ ತಿಳಿಯುತ್ತದೆ.

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆ ಸಿಕ್ಕಿದ್ದು ನೆನಪಿರಬೇಕು. ಕಾರ್ಬನ್ ಪರೀಕ್ಷೆ ಅವು ಸುಮಾರು 600 ವರ್ಷ ಹಳೆಯವು ಎಂದಿತು. ಅವರು ಯಾರೆಂದು, ಹೆಸರೇನೆಂದು ನಮಗೆ ಗೊತ್ತಿಲ್ಲ. ಆದರೆ ಆ ಬುರುಡೆಗಳಲ್ಲಿ ಎಲ್ಲೆಲ್ಲಿ ಹಲ್ಲು ಉಳಿದಿದೆಯೋ ಅಲ್ಲೆಲ್ಲ, ಆ ಜೀವ ಎಷ್ಟು ಮಳೆಗಾಲ ಕಂಡಿತ್ತು ಎಂಬ ಲೆಕ್ಕ ಬೇರಿನ ಮೇಲಿದೆ.