ಮುತ್ತಜ್ಜನ ಊರಿಗೆ ಸಾಕ್ಷಿ

2006ರ ಅರಣ್ಯ ಹಕ್ಕು ಕಾಯ್ದೆ ಕಳಸದ ಕಡೆಯ ಕಾಡಂಚಿನ ಮನುಷ್ಯನಿಗೆ ಕೇಳುವ ಪ್ರಶ್ನೆ ಮೇಲುನೋಟಕ್ಕೆ ಸರಳ. 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ನಿನ್ನವರು ಇಲ್ಲೇ ಇದ್ದರೆಂಬುದಕ್ಕೆ ಆಧಾರವೇನು? ಪರಿಶಿಷ್ಟ ಪಂಗಡದವರಿಗೆ ಈ 75 ವರ್ಷದ ಷರತ್ತಿಲ್ಲ. ಉಳಿದವರು, ಗೌಡರಾಗಲಿ ಬ್ಯಾರಿಗಳಾಗಲಿ, 1930ನೇ ಇಸವಿಗೆ ಹೋಗಿ ಅಜ್ಜನನ್ನು ಹುಡುಕಿ ತರಬೇಕು.

ಜನಗಣತಿಯಲ್ಲಿ ಇದ್ದೇ ಇರುತ್ತದಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಮೈಸೂರು ಸೀಮೆಯಲ್ಲಿ 1871ರಲ್ಲೇ ತಲೆ ಎಣಿಸಿದ್ದಾರೆ. ಆದರೆ ಎಣಿಸಿದವರು ನಮಗಾಗಿ ಉಳಿಸಿದ್ದು ಸಂಖ್ಯೆಯನ್ನು, ಹೆಸರನ್ನಲ್ಲ. ಇಂಗ್ಲೆಂಡಿನಲ್ಲಿ 1921ರ ಗಣತಿಯ ಹಾಳೆಗಳು ನೂರು ವರ್ಷ ಕಳೆದ ಮೇಲೆ, 2022ರಲ್ಲಿ, ಜನರ ಕೈಗೆ ಸಿಕ್ಕವು. ನಮ್ಮ 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿದಾರನ ಪುಸ್ತಕವನ್ನು ಯಾರಿಗೂ ತೋರಿಸುವಂತಿಲ್ಲ. ಬದುಕಿರುವವರ ಗುಟ್ಟು ಕಾಯಲು ಅದು ಒಳ್ಳೆಯದೇ. ಸತ್ತವರನ್ನು ಹುಡುಕಿ ಹೊರಟವನಿಗೆ ಮಾತ್ರ ಗೋಡೆ. ಕಡೂರು ಜಿಲ್ಲೆಯ (1947ರ ತನಕ ಚಿಕ್ಕಮಗಳೂರು ಜಿಲ್ಲೆಯ ಹೆಸರು ಅದೇ) ಮುಸಲ್ಮಾನರು ಇಷ್ಟು ಎಂಬ ಅಂಕೆಯೊಳಗೆ ನಮ್ಮ ಮುತ್ತಜ್ಜನೂ ಒಬ್ಬ. ಯಾವ ಅಂಕೆ ಅವನದು ಎಂದು ಬೆರಳಿಟ್ಟು ತೋರಿಸಲಾಗದು.

ಇನ್ನೂ ಹಿಂದೆ ಹೋದರೆ ಕಲ್ಲುಗಳಿವೆ. ಕಳಸದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1901ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ ಆರನೇ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಕಳಸ-ಕಾರ್ಕಳವನ್ನಾಳಿದ ರಾಜರಿದ್ದಾರೆ, ರಾಣಿಯರಿದ್ದಾರೆ, ದಾನ ಕೊಟ್ಟವರಿದ್ದಾರೆ. ಕಲ್ಲು ಹೊತ್ತವರನ್ನು ಅಲ್ಲಿ ಹುಡುಕಬಾರದು. ಶಾನುಭೋಗರ ಕಡತವೂ ಕಂದಾಯ ಕಟ್ಟುವವನನ್ನು ಕಂಡಿತೇ ಹೊರತು ಗದ್ದೆಗಿಳಿದವನನ್ನು ಕಾಣಲಿಲ್ಲ.

ಆಮೇಲೆ ಕಾಫಿ ತೋಟಗಳು ಬಂದವು. ಮಳೆ ನಿಂತ ಮೇಲೆ ದಕ್ಷಿಣ ಕನ್ನಡದಿಂದ ಆಳುಗಳು ಮೇಸ್ತ್ರಿಯ ಹಿಂದೆ ಘಟ್ಟ ಹತ್ತುವರು. ಕೊಯ್ಲು ಮುಗಿಸಿ, ಮಳೆ ಹಿಡಿಯುವ ಮೊದಲು ಇಳಿಯುವರು. ಒಣಮೀನು, ಉಪ್ಪು ಹೇರಿಕೊಂಡ ಬ್ಯಾರಿ ವ್ಯಾಪಾರಿಗಳ ದಾರಿಯೂ ಅದೇ. ಕೆಲವರು ಒಂದು ವರ್ಷ ಇಳಿಯದೆ ಉಳಿದುಬಿಟ್ಟರು. ಹಾಗೆ ಉಳಿದವನ ಊರು ಯಾವುದು? ಉತ್ತರ ಬರೆಯಲು ಅರ್ಜಿಯಲ್ಲಿರುವುದು ಒಂದೇ ಗೆರೆ. ವರ್ಷದಲ್ಲಿ ನಾಲ್ಕು ತಿಂಗಳು ಕೆಳಗೆ, ಎಂಟು ತಿಂಗಳು ಮೇಲೆ ಬಾಳಿದವನಿಗೆ ಎರಡು ಊರು ಇರುವುದು ಅಪರಾಧವೇನಲ್ಲ. ಹಾಗಿದ್ದೂ ಕಾಗದದ ಮುಂದೆ ಅವನು ಎರಡೂ ಕಡೆ ಪರದೇಶಿ.

ನಮ್ಮವರಲ್ಲಿ ಇನ್ನೊಂದು ಚಾಳಿಯಿದೆ, ಅದನ್ನೂ ಹೇಳಬೇಕು. ಊರಿನ ಅಜ್ಜ ಸಿಗದಿದ್ದಾಗ ನಾವು ದೂರದ ಅಜ್ಜನನ್ನು ಹುಡುಕುತ್ತೇವೆ. ಶಜರಾ ಬಿಡಿಸಿ, ಖಾಂದಾನನ್ನು ಅರಬ್‌ಸ್ಥಾನಕ್ಕೋ ಬುಖಾರಾಕ್ಕೋ ಮುಟ್ಟಿಸಿದರೆ ಮನಸ್ಸಿಗೆ ಸಮಾಧಾನ. ಚಾರ್ಮಾಡಿ ಹತ್ತಿ ಬಂದ, ಬುಟ್ಟಿ ಹೊತ್ತ ಮುದುಕ ಆ ಪಟ್ಟಿಯಲ್ಲಿ ಇರುವುದಿಲ್ಲ. ಪರರು ನಮ್ಮನ್ನು ಹೊರಗಿನವರೆಂದಾಗ ಸಿಡುಕುವ ನಾವೇ ಮದುವೆ ಮಾತುಕತೆಯಲ್ಲಿ ಹೊರಗಿನವರಾಗಲು ಹಾತೊರೆಯುವುದು ವಿಚಿತ್ರ. ಬಾಬಾ ಬುಡನ್ ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದರೆಂಬ ಐತಿಹ್ಯವನ್ನು ಮಕ್ಕಳೂ ಹೇಳುತ್ತಾರೆ. ಗಿಡದ ವಂಶ ನಮಗೆ ಬಾಯಿಪಾಠ, ಹಣ್ಣು ಕೊಯ್ದವರದು ಗೊತ್ತಿಲ್ಲ.

ಹಾಗೆಂದು ಕಾಯ್ದೆಯನ್ನು ಪೂರಾ ದೂರುವಂತಿಲ್ಲ. ಅದರಡಿ 2008ರ ಜನವರಿಯಲ್ಲಿ ಬಂದ ನಿಯಮಗಳು ಬಾವಿ, ಸಮಾಧಿ ಸ್ಥಳ, ಪೂಜಾಸ್ಥಳಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷ್ಯ. ಒಂದೇ ಕಟ್ಟು: ಹೇಳುವವರು ಅರ್ಜಿದಾರರಾಗಿರಬಾರದು. ನಮಗೆ ಇದರಲ್ಲಿ ನ್ಯಾಯ ಕಾಣುತ್ತದೆ. ಬಾಯಿಮಾತು ಸುಳ್ಳಾಗಬಹುದು, ನಿಜ. ಕಡತ ಬರೆದವನೂ ಯಾರದೋ ಬಾಯಿಮಾತು ಕೇಳಿಯೇ ಬರೆದದ್ದಲ್ಲವೇ? ತನ್ನ ಅಜ್ಜನ ಬಗ್ಗೆ ಮೊಮ್ಮಗ ಹೇಳಿದ್ದಕ್ಕಿಂತ ಪಕ್ಕದ ಮನೆಯವರು ಹೇಳಿದ್ದು ಗಟ್ಟಿ. ಅವರಿಗೆ ಅದರಿಂದ ಬರುವ ಲಾಭವಿಲ್ಲ.

ಖಬರಸ್ತಾನದ ಮಣ್ಣಿನ ಗೋರಿಗಳು ಈ ಸೀಮೆಯ ಮಳೆಗೆ ಬಹುಕಾಲ ನಿಲ್ಲುವುದಿಲ್ಲ. ತಲೆಕಡೆ, ಕಾಲುಕಡೆ ನೆಟ್ಟ ಹೆಸರಿಲ್ಲದ ಕಲ್ಲುಗಳಷ್ಟೇ ಉಳಿಯುತ್ತವೆ. ಯಾವ ಕಲ್ಲು ಯಾರದೆಂದು ಬಲ್ಲವರು ಊರಿನಲ್ಲಿ ಇಬ್ಬರೋ ಮೂವರೋ ಇದ್ದಾರು. ಅವರಲ್ಲೊಬ್ಬರು ಬೇಲಿಯಾಚೆಯ ಗೌಡರ ಮನೆಯ ಅಜ್ಜಿಯೂ ಆಗಿರಬಹುದು. ಈ ಮಳೆಗಾಲಕ್ಕೆ ಮೊದಲೇ ಅವರ ಬಳಿ ಕುಳಿತು ಬರೆದುಕೊಳ್ಳುವ ಕೆಲಸ ಬಾಕಿಯಿದೆ.