ಗರವೂ ನಡೆಯೂ

ಪರಮಪದ ಸೋಪಾನದ ಪಟವನ್ನು ಮನಸ್ಸಿಟ್ಟು ನೋಡಿದವರಿಗೆ ಒಂದು ಸಂಶಯ ಹುಟ್ಟದಿರದು. ಸದ್ಗುಣಗಳ ಹೆಸರು ಹೊತ್ತ ಮನೆಗಳಿಂದ ಮೇಲಕ್ಕೇರುವ ಏಣಿಗಳೂ ದುರ್ಗುಣಗಳ ಹೆಸರು ಹೊತ್ತ ಮನೆಗಳಿಂದ ಕೆಳಕ್ಕೆಳೆಯುವ ಸರ್ಪಗಳೂ ಅದರಲ್ಲಿ ಹಬ್ಬಿಕೊಂಡಿರುವುದರಿಂದ, ಇದು ಕರ್ಮಸಿದ್ಧಾಂತವನ್ನು ಎಳೆಯರಿಗೆ ಬೋಧಿಸುವ ಸಾಧನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ; ಆದರೆ ಆಡುವವನು ದಯೆಯ ಮನೆಯನ್ನು ಸೇರುವುದು ದಯಾಳುವಾದ ಕಾರಣದಿಂದಲ್ಲ, ಅಸೂಯೆಯ ಮನೆಗೆ ಬೀಳುವುದು ಅಸೂಯೆಪಟ್ಟ ಕಾರಣದಿಂದಲೂ ಅಲ್ಲ; ಎರಡನ್ನೂ ತಂದೊಡ್ಡುವುದು ಉರುಳಿದ ದಾಳ. ಮಾಡದ ಪುಣ್ಯಕ್ಕೆ ಏಣಿ, ಮಾಡದ ಪಾಪಕ್ಕೆ ಸರ್ಪ ದೊರೆಯುವ ಆ ಪಟವು ಬೋಧಿಸುವುದು ಕರ್ಮವನ್ನೋ ಅದರ ನಿರಾಕರಣೆಯನ್ನೋ?

ಸಕಲೇಶಪುರದ ಘಟ್ಟದಂಚಿನ ನಮ್ಮ ಹೊಂಗಡಹಳ್ಳದಲ್ಲಿ ಮುಂಗಾರು ಬಲಿತ ಮೇಲೆ ತೋಟದ ಕೆಲಸ ಹಿಂದಾಗಿ ಜನರು ಮನೆಯೊಳಗೆ ಉಳಿಯಬೇಕಾದ ದಿನಗಳು ಬರುತ್ತವೆ. ಅಳಿಗುಳಿಮಣೆ, ಚೌಕಾಬಾರ, ಹುಲಿಕುರಿಗಳಿಗೆ ಅದೇ ಕಾಲ. ಈ ಆಟಗಳನ್ನಾಡುವುದರಲ್ಲಿಯೂ ಅವುಗಳ ನಿಯಮಗಳನ್ನು ಬಿಚ್ಚಿ ಹೊಸ ಪಟಗಳನ್ನು ಕಟ್ಟುವುದರಲ್ಲಿಯೂ ನನಗಿರುವ ಆಸಕ್ತಿ ಹಳೆಯದು. ಮೇಲಿನ ಸಂಶಯವನ್ನು ಬರಿಯ ತರ್ಕಕ್ಕೆ ಬಿಡದೆ ಆಡಿಯೇ ನೋಡುವುದು ಲೇಸೆಂದು ಬಗೆದು, ಈ ಮಳೆಗಾಲದಲ್ಲಿ ದಾಳವಿಲ್ಲದ ಪರಮಪದವೊಂದನ್ನು ರಚಿಸಿದೆನು. ಅದರಲ್ಲಿ ಪ್ರತಿಯೊಬ್ಬನ ಕೈಯಲ್ಲಿಯೂ ಒಂದರಿಂದ ಆರರವರೆಗಿನ ಚೀಟಿಗಳಿರುತ್ತವೆ. ಯಾವ ಸರದಿಯಲ್ಲಿ ಯಾವ ಚೀಟಿಯನ್ನು ಬಳಸಬೇಕೆಂಬುದು ಅವನವನ ಇಚ್ಛೆ. ಆರೂ ಮುಗಿದ ಮೇಲೆ ಅವು ಮರಳಿ ಕೈಸೇರುತ್ತವೆ. ಇನ್ನು ಮೇಲೆ ಏರುವುದೂ ಇಳಿಯುವುದೂ ಅವರವರ ಕರ್ಮಕ್ಕೆ ಬಿಟ್ಟುದು.

ಆಡತೊಡಗಿದ ಮೇಲೆ ಪಟದ ಸ್ವಭಾವವೇ ಬೇರೆಯಾಯಿತು. ಎಣಿಕೆಯಲ್ಲಿ ಚುರುಕಾದವರು ಸರ್ಪಗಳನ್ನೆಲ್ಲ ದಾಟಿಕೊಂಡು ವೈಕುಂಠವನ್ನು ಸೇರಿದರು, ನಿಧಾನಿಗಳು ಕೆಳಗುಳಿದರು, ಮತ್ತೆ ಆಡಿದರೆ ಮತ್ತೆ ಅವರೇ ಮೇಲೆ, ಇವರೇ ಕೆಳಗೆ. ಸದ್ಗುಣಗಳ ಹೆಸರನ್ನು ಓದುವವರೇ ಇಲ್ಲವಾಗಿ, ಅವು ಬರಿಯ ಸಂಖ್ಯೆಗಳಾದುವು. ಇದಕ್ಕಿಂತಲೂ ನನ್ನನ್ನು ಚಿಂತೆಗೀಡುಮಾಡಿದುದು ಬೇರೊಂದು: ಕೆಳಗಿರುವವನು ತನ್ನ ಸ್ಥಿತಿಗೆ ತಾನೇ ಹೊಣೆಯೆಂಬ ಭಾವ ಮೇಲಿರುವವನ ಮುಖದಲ್ಲಿ ಮೂಡಿತು. ದಾಳವಿದ್ದಾಗ ಆ ಭಾವಕ್ಕೆ ಎಡೆಯಿರಲಿಲ್ಲ. ಕರ್ಮಸಿದ್ಧಾಂತವನ್ನು ತನ್ನ ಬಾಳಿನ ಪರೀಕ್ಷೆಗೆಂದು ಬಳಸುವುದು ಒಂದು ರೀತಿ, ನೆರೆಯವನ ಕಷ್ಟಕ್ಕೆ ಸಮಜಾಯಿಷಿಯಾಗಿ ಬಳಸುವುದು ಇನ್ನೊಂದು ರೀತಿ. ಎರಡನೆಯದು ನಮ್ಮ ಸಮಾಜದಲ್ಲಿ ಎಷ್ಟು ನಿರ್ದಯವಾಗಿ ನಡೆದುಬಂದಿದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಅದೃಷ್ಟಕ್ಕೆ ಎಡೆಯೇ ಇಲ್ಲದ ಆಟ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಬಿಸಿಲೆ ಘಾಟಿಯನ್ನಿಳಿದು ಸುಬ್ರಹ್ಮಣ್ಯದಾಚೆಗೆ ಹೋದರೆ, ನಾವು ಅಳಿಗುಳಿಮಣೆಯೆನ್ನುವುದೇ ತುಳುನಾಡಿನ ಚೆನ್ನೆಮಣೆ: ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ 56 ಬೀಜಗಳು, ಎಲ್ಲವೂ ಕಣ್ಣಮುಂದೆ. ಆಟಿ ತಿಂಗಳ ಮಳೆಯಲ್ಲಿ ಆಡುವ ಈ ಮಣೆಯನ್ನು ಕುರಿತು ಸಿರಿ ಪಾಡ್ದನವು ಹೇಳುವ ಕಥೆ ಭಯಂಕರವಾದುದು. ಸಿರಿಯ ಮೊಮ್ಮಕ್ಕಳಾದ ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬೀಳುತ್ತಾರೆ. ಅಬ್ಬಗಳು ಮಣೆಯಿಂದಲೇ ತಂಗಿಯನ್ನು ಹೊಡೆದು ಕೊಂದು, ತಾನೂ ಬಾವಿಗೆ ಬಿದ್ದು ಪ್ರಾಣಬಿಡುತ್ತಾಳೆ. ಮಕ್ಕಳಿಗಾಗಿ ಹೊತ್ತ ಹರಕೆಯನ್ನು ಹಿರಿಯರು ಮರೆತುದೇ ಈ ಅನರ್ಥಕ್ಕೆ ಕಾರಣವೆಂದು ಪಾಡ್ದನದ ನಿರ್ಣಯ. ಅದನ್ನು ಅಲ್ಲಗಳೆಯದೆಯೇ ನನಗೆ ತೋರುವುದನ್ನು ಸೇರಿಸುತ್ತೇನೆ: ಸೋಲಿನ ಭಾರವನ್ನು ಹೊರಿಸಲು ದಾಳವಿಲ್ಲದ ಆಟದಲ್ಲಿ ಗೆಲವು ಪೂರ್ತಿಯಾಗಿ ಒಬ್ಬಳದು, ಸೋಲು ಪೂರ್ತಿಯಾಗಿ ಇನ್ನೊಬ್ಬಳದು, ಒಂದೇ ಬಸಿರನ್ನು ಹಂಚಿಕೊಂಡವರ ನಡುವೆಯೂ ಆ ಪೂರ್ಣತೆ ಸಹ್ಯವಾಗಲಿಲ್ಲ.

ಚೌಕಾಬಾರವು ಈ ಎರಡು ತುದಿಗಳ ನಡುವೆ ನಿಲ್ಲುತ್ತದೆ. ಮನುಷ್ಯಸ್ಥಿತಿಗೆ ಅದಕ್ಕಿಂತ ಹತ್ತಿರದ ಆಟವನ್ನು ನಾನು ಕಾಣೆ. ಇಪ್ಪತ್ತೈದು ಮನೆಗಳ ಚೌಕ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ನಮ್ಮ ಕಡೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೂ ನಡೆಯುತ್ತದೆ. ಬೀಜವು ಎರಡು ಮಗ್ಗುಲಿಗೂ ಸಮನಾಗಿ ಬೀಳುವುದಾದರೆ ಹದಿನಾರು ಗರಗಳಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು, ಎರಡಕ್ಕೆ ಆರು, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು ಪಾಲು. ಗರವು ಆಟಗಾರನ ವಶದಲ್ಲಿಲ್ಲ. ಬಿದ್ದ ಗರದಿಂದ ಯಾವ ಕಾಯಿಯನ್ನು ನಡೆಸಬೇಕು, ಕಟ್ಟೆಯಲ್ಲಿರುವುದನ್ನು ಹೊರಡಿಸಬೇಕೇ, ಎದುರಾಳಿಯದನ್ನು ಹೊಡೆಯಬೇಕೇ ಎಂಬುದು ಅವನ ವಶದಲ್ಲಿದೆ. ದೈವವೆಂದೂ ಪುರುಷಕಾರವೆಂದೂ ಮಹಾಭಾರತವು ಮತ್ತೆ ಮತ್ತೆ ಎತ್ತಿ ಚರ್ಚಿಸುವ ಎರಡು ಶಕ್ತಿಗಳು ಇಲ್ಲಿ ಪ್ರತಿ ಸರದಿಯಲ್ಲಿಯೂ ಜೊತೆಯಾಗಿ ಕೆಲಸ ಮಾಡುತ್ತವೆ, ಮತ್ತು ಆಟ ಮುಗಿದಾಗ ಇಷ್ಟು ನನ್ನದು, ಇಷ್ಟು ಗರದ್ದು ಎಂದು ಗೆದ್ದವನೂ ವಿಂಗಡಿಸಿ ಹೇಳಲಾರನು. ನಾನೇ ಕರ್ತನೆಂಬ ಅಭಿಮಾನ ಸಡಿಲವಾಗುವುದು ಆ ವಿಂಗಡಿಸಲಾಗದ ತಾಣದಲ್ಲಿಯೇ.

ಈ ದೃಷ್ಟಿಯಿಂದ ನೋಡಿದರೆ ದ್ಯೂತಸಭೆಯ ಪಾಪವೂ ಬೇರೆಯಾಗಿ ಕಾಣುತ್ತದೆ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಿಂದ ಮೊದಲುಗೊಂಡು ನಮ್ಮವರು ದಾಳವನ್ನು ನಿಂದಿಸುತ್ತ ಬಂದುದು ನ್ಯಾಯವಾಗಿಯೇ ಇದೆ, ಮನೆಗಳು ಅದರಿಂದ ಹಾಳಾಗಿವೆ. ಆದರೆ ಹಸ್ತಿನಾವತಿಯಲ್ಲಿ ದಾಳವು ದಾಳವಾಗಿ ಉಳಿದಿರಲೇ ಇಲ್ಲ. ಶಕುನಿಯು ಮೋಸದಿಂದ ದೈವವನ್ನು ಆಟದ ಹೊರಗೆ ಅಟ್ಟಿದ್ದನು. ಯುಧಿಷ್ಠಿರನು ಕಾಯಿಗಳಲ್ಲದವರನ್ನು, ತಮ್ಮಂದಿರನ್ನೂ ದ್ರೌಪದಿಯನ್ನೂ, ಕಾಯಿಗಳಂತೆ ಪಣಕ್ಕಿಟ್ಟನು. ಒಬ್ಬನು ಗರವನ್ನು ಕೆಡಿಸಿದನು, ಇನ್ನೊಬ್ಬನು ಪಟದ ಎಲ್ಲೆಯನ್ನು ಅಳಿಸಿದನು. ಅದೇ ಕಾವ್ಯದ ನಳನ ಕಥೆಯಲ್ಲಿ ಋತುಪರ್ಣನು ತಾರೆಮರದ ಎಲೆಕಾಯಿಗಳನ್ನು ಎಣಿಸದೆಯೇ ಲೆಕ್ಕ ಹೇಳಿ, ದಾಳದ ಮರ್ಮವಾದ ಅಕ್ಷಹೃದಯವನ್ನು ಉಪದೇಶಿಸಿದೊಡನೆ ಕಲಿಯು ನಳನ ಮೈಯಿಂದ ಹೊರಬೀಳುತ್ತಾನೆ. ಅದೃಷ್ಟದ ಅಳತೆಯನ್ನು ಅರಿಯುವುದು ಬಿಡುಗಡೆಗೆ ದಾರಿಯಾಯಿತು. ಅದೃಷ್ಟವನ್ನು ಕಳವಿನಿಂದ ಕಟ್ಟಿಹಾಕುವುದು ಕುಲನಾಶಕ್ಕೆ ದಾರಿಯಾಯಿತು. ಎಲ್ಲೋರದ 21ನೆಯ ಗುಹೆಯಲ್ಲಿ ಶಿವನೂ ಪಾರ್ವತಿಯೂ ಪಗಡೆಯಾಡುತ್ತ ಕುಳಿತಿದ್ದಾರೆ. ಈಶ್ವರನೂ ಸೋಲಬಹುದಾದ ಪಟವೊಂದನ್ನು ಕಲ್ಲಿನಲ್ಲಿ ಕಡೆಯಲು ಶಿಲ್ಪಿಗಳು ಅಂಜಲಿಲ್ಲ.

ಇನ್ನು ಪಟವನ್ನು ರಚಿಸುವವನ ಮಾತು. ಸರ್ಪವನ್ನು ಎಲ್ಲಿಡಬೇಕೆಂದು ಸೀಸದಕಡ್ಡಿ ಹಿಡಿದು ಕುಳಿತಾಗ, ಬರಲಿರುವ ಯಾರದೋ ಪತನವನ್ನು ನಾನು ನಿಶ್ಚಯಿಸುತ್ತಿದ್ದೇನಲ್ಲ ಎಂಬ ಅಳುಕು ನನ್ನನ್ನು ತಟ್ಟದೆ ಇರುವುದಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಬಾದರಾಯಣರು ಸೃಷ್ಟಿಯನ್ನು ಲೀಲೆಯೆಂದು ಹೇಳಿ, ಮರುಸೂತ್ರದಲ್ಲಿಯೇ ಹಾಗಾದರೆ ಈಶ್ವರನಿಗೆ ಪಕ್ಷಪಾತವೂ ಕ್ರೌರ್ಯವೂ ಅಂಟುವುದಿಲ್ಲವೇ ಎಂಬ ಆಕ್ಷೇಪವನ್ನು ಎತ್ತಿಕೊಂಡು, ಜೀವರ ಕರ್ಮವನ್ನು ಅಪೇಕ್ಷಿಸಿಯೇ ಅವನು ಸೃಜಿಸುವುದರಿಂದ ಅಂಟದೆಂದು ಸಮಾಧಾನ ಹೇಳುತ್ತಾರೆ. ಶಂಕರರ ಭಾಷ್ಯದಲ್ಲಿ ಲೀಲೆಗೆ ದೃಷ್ಟಾಂತವಾಗುವವನು ಬಯಕೆಗಳೆಲ್ಲ ತೀರಿದ ರಾಜ. ಆದರೆ ನಮ್ಮ ನಾಡಿನಲ್ಲಿ ಪಟಗಳನ್ನು ರಚಿಸಿದ ರಾಜನ ಸ್ಥಿತಿ ಅದಕ್ಕೆ ತೀರ ವಿರುದ್ಧವಾಗಿತ್ತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯವಿಲ್ಲದ ರಾಜರಾಗಿ ಬಾಳಿದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ಬಂಧಗಳು, ಗಂಜೀಫಾ ಎಲೆಗಳ ಹೊಸ ಕ್ರಮಗಳು, ದೇವತೆಗಳನ್ನು ನಡುವೆ ನಿಲ್ಲಿಸಿದ ಪಟಗಳು ಅವರಿಂದ ಬಂದುವು. ಶ್ರೀತತ್ತ್ವನಿಧಿಯ ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ದೊರೆಯಿತು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವು ಇಂದಿಗೂ ಇವೆ. ಇದನ್ನು ಕಾಲಹರಣವೆಂದು ತಳ್ಳಿಹಾಕುವವರೊಡನೆ ನನಗೆ ಸಮ್ಮತಿಯಿಲ್ಲ. ದೈವವು ಕೆಟ್ಟ ಗರವನ್ನು ಹಾಕಿದಾಗ ಉಳಿದ ನಡೆಯನ್ನು ಹೇಗೆ ನಡೆಯಬೇಕೆಂಬುದನ್ನು ಅಷ್ಟು ದೀರ್ಘಕಾಲ, ಅಷ್ಟು ಘನತೆಯಿಂದ ಬಾಳಿ ತೋರಿಸಿದ ದೊರೆ ನಮ್ಮ ಚರಿತ್ರೆಯಲ್ಲಿ ಅಪರೂಪ.

ಚೌಕಾಬಾರದಲ್ಲಿರುವಂತೆ ಈಗ ನನ್ನ ಮುಂದಿರುವ ಪಟದಲ್ಲಿಯೂ ಗರವೂ ಇದೆ, ಆಯ್ಕೆಯೂ ಇದೆ. ಬಗೆಹರಿಯದೆ ಉಳಿದಿರುವುದು ಮುಕ್ತಿಯ ಪ್ರಶ್ನೆ. ಹಣ್ಣಾದ ಕಾಯಿಗೆ ಹಿಂದುಳಿದವುಗಳೊಡನೆ ಯಾವ ಸಂಬಂಧವೂ ಉಳಿಯಬಾರದೇ? ಜೊತೆಗಾರರಾಗಿ ಆಡುವ ಪಚ್ಚೀಸಿಯಲ್ಲಿ ಒಂದು ಹಳೆಯ ಪದ್ಧತಿಯುಂಟು: ಸುತ್ತು ಮುಗಿಸಿ ಒಳಗೆ ಹೋಗಬಹುದಾದ ಕಾಯಿಯು ಒಳಹೋಗದೆ, ಜೊತೆಗಾರನ ಕಾಯಿಗಳು ಹಿಂದುಳಿದಿದ್ದರೆ ಅವುಗಳ ನೆರವಿಗಾಗಿ ಎರಡನೆಯ ಸುತ್ತಿಗೆ ಹೊರಡಬಹುದು. ಹೊರಟ ಮೇಲೆ ಅದನ್ನು ಹೊಡೆಯಲೂಬಹುದು, ನಡೆದ ದಾರಿಯೆಲ್ಲ ವ್ಯರ್ಥವಾಗಲೂಬಹುದು. ಈ ನಿಯಮವನ್ನು ಜೊತೆಗಾರರಿಗಷ್ಟೇ ಮೀಸಲಿಡದೆ ನನ್ನ ಪಟದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದೇನೆ: ವೈಕುಂಠದ ಹೊಸ್ತಿಲಲ್ಲಿ ನಿಂತವನು ಬಯಸಿದರೆ ಯಾರ ಸಲುವಾಗಿಯಾದರೂ ಮರಳಿ ಸುತ್ತಬಹುದು, ಸುತ್ತಿದವನಿಗೆ ಪ್ರತ್ಯೇಕ ಫಲವೇನನ್ನೂ ಇಟ್ಟಿಲ್ಲ. ಫಲವನ್ನು ಇಡಬೇಕೆಂದು ಆಡುವವರು ಒತ್ತಾಯಿಸುತ್ತಿದ್ದಾರೆ. ನಾನು ಒಪ್ಪಿಲ್ಲ.