ಕೆರೆ ದಂಡೆಯ ಕಲ್ಲುಬೆಂಚು





ಮೈಸೂರಿನ ಕುಕ್ಕರಹಳ್ಳಿ ಕೆರೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. ಕೆರೆಯ ಸುತ್ತ ಮರದ ನೆರಳಿನಲ್ಲಿ ನಡೆಯುವ ದಾರಿ. ಹೆಜ್ಜಾರ್ಲೆಗಳು ನೀರಿಗಿಳಿಯುವುದು, ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುವುದು ಬೆಳಗಿನ ಹೊತ್ತು ಚೆನ್ನಾಗಿ ಕಾಣುತ್ತದೆ. ಕನ್ನಡ ಎಂ.ಎ. ಓದುವಾಗ ಹಾಸ್ಟೆಲ್ಲಿನಿಂದ ಹೋಗುತ್ತಿದ್ದೆ. ಈಗ ಶಾಲೆಗೆ ಹೊರಡುವ ಮುಂಚೆ ಹೋಗುತ್ತೇನೆ.

ಮೊದಲ ಸಲ ಈ ವಿಷಯ ಹೇಳಿದಾಗ ಅವ್ವ ನಕ್ಕಿದ್ದಳು. "ಕೆಲ್ಸ ಇಲ್ದೆ ಸುಮ್ಸುಮ್ನೆ ಯಾರಾರ ನಡೀತಾರ ಮಗ?" ಅವಳಿಗೆ ನಡಿಗೆ ಎಂದರೆ ಕೂಲಿಗೆ ಹೋಗುವುದು, ಸೌದೆ ಹೊರುವುದು. ತಾತನಿಗೆ ನಡಿಗೆ ಎಂದರೆ ಊರೊಳಗಿನ ಬೀದಿ ಬಂದಾಗ ಚಪ್ಪಲಿ ಕೈಗೆ ತೆಗೆದುಕೊಳ್ಳುವುದು. 1924ರಲ್ಲಿ ವೈಕಂನಲ್ಲಿ ಜನ ಸತ್ಯಾಗ್ರಹ ಮಾಡಿದ್ದು ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ನಡೆದುಹೋಗಿ ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ಆದ್ದರಿಂದ ನಾವು ಕೆರೆ ದಂಡೆಯ ಮೇಲೆ ಸುಮ್ಮನೆ ನಡೆಯುವುದು ಸಣ್ಣ ಸಂಗತಿಯಲ್ಲ. ಅದರ ಸಂತೋಷಕ್ಕೆ ನಾಚಿಕೆಪಡಬೇಕಾಗಿಲ್ಲ.

ಭಗವಾನ್ ಬುದ್ಧರು ನಡಿಗೆಯನ್ನು ಸಾಧನೆಯೆಂದೇ ಎಣಿಸಿದರು. ಅದನ್ನು ಚಂಕಮ ಎನ್ನುತ್ತಾರೆ. ಅಂಗುತ್ತರ ನಿಕಾಯದಲ್ಲಿ ಅದರ ಐದು ಪ್ರಯೋಜನಗಳಿವೆ: ದೂರದ ಪ್ರಯಾಣ ತಾಳುವ ಶಕ್ತಿ, ಶ್ರಮ ತಾಳುವ ಶಕ್ತಿ, ಆರೋಗ್ಯ, ಉಂಡದ್ದು ಜೀರ್ಣವಾಗುವುದು, ನಡೆಯುತ್ತಾ ಪಡೆದ ಏಕಾಗ್ರತೆ ಬಹುಕಾಲ ಉಳಿಯುವುದು. ಮೊದಲ ನಾಲ್ಕು ನನಗೆ ಸಿಕ್ಕಿವೆ ಎಂದುಕೊಂಡಿದ್ದೆ. ಐದನೆಯದು ಸಿಕ್ಕಿಲ್ಲ ಎಂದು ಒಂದು ಬೆಳಿಗ್ಗೆ ಗೊತ್ತಾಯಿತು.

ನನ್ನ ಜೊತೆ ದಿನವೂ ಮೂವರು ನಡೆಯುತ್ತಾರೆ. ಒಳ್ಳೆಯವರು. "ಮೇಷ್ಟ್ರೇ, ನೀವು ಯಾವ ಪೈಕಿ?" ಎಂದು ಒಬ್ಬರು ಕೇಳಿದ್ದಾಗ "ನಂದು ಚಾಮರಾಜನಗರದ ಕಡೆ ಸಾರ್" ಎಂದು ಮಾತು ತೇಲಿಸಿದ್ದೆ. ಆ ಬೆಳಿಗ್ಗೆ ದಾರಿ ಗುಡಿಸುವ ತಾಯಿಯೊಬ್ಬರು ಪೊರಕೆಯನ್ನು ಮರಕ್ಕೆ ಒರಗಿಸಿ, ಕಲ್ಲುಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ನಮ್ಮಲ್ಲೊಬ್ಬರು, "ಏಯ್, ಇದು ವಾಕಿಂಗ್ ಬರೋರು ಕೂರೋ ಜಾಗ, ಆ ಕಡೆ ಹೋಗು" ಎಂದರು. ಆಕೆ ಮಾತಾಡದೆ ಡಬ್ಬಿ ಮುಚ್ಚಿ ಎದ್ದರು. ನಾನೂ ಮಾತಾಡಲಿಲ್ಲ. ಎಲ್ಲಿ ನನ್ನ ಜಾತಿ ಬಯಲಾಗುತ್ತದೋ ಎಂಬ ಭಯ.

ನಾನು ಸುಳ್ಳು ಹೇಳಿರಲಿಲ್ಲ. ಹಾಗಾದರೆ ಸಮ್ಯಕ್ ವಾಚಾ ಮುರಿಯಿತೇ? 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಸರಿಯಾದ ಮಾತನ್ನು ವಿವರಿಸುವಾಗ, ಅದು ಭಯದಿಂದಾಗಲಿ ಯಾರದೋ ಕೃಪೆಗಾಗಿ ಆಗಲಿ ನಡೆಯುವಂಥದ್ದಲ್ಲ, ಅದರಿಂದ ಬರುವ ನಷ್ಟವನ್ನು ಲೆಕ್ಕ ಹಾಕಬಾರದು ಎಂಬ ಅರ್ಥದಲ್ಲಿ ಬರೆಯುತ್ತಾರೆ. ಈ ಅಳತೆಗೆ ನನ್ನ ಮೌನವನ್ನು ಇಟ್ಟು ನೋಡಿದೆ. ಅದು ಪೂರ್ತಿ ಭಯದ್ದೇ, ಪೂರ್ತಿ ಲೆಕ್ಕಾಚಾರದ್ದೇ. ತಾತ ಚಪ್ಪಲಿ ಕೈಗೆ ತೆಗೆದುಕೊಂಡಿದ್ದು ಬಲವಂತಕ್ಕೆ. ಬಾಯಿ ಮುಚ್ಚಿಕೊಳ್ಳಲು ನನ್ನನ್ನು ಯಾರೂ ಬಲವಂತ ಮಾಡಿರಲಿಲ್ಲ.

ಮರುದಿನ ಆ ತಾಯಿ ನೆಲದ ಮೇಲೆ ಕೂತಿದ್ದರು. "ಅಮ್ಮ, ಬೆಂಚಿನ ಮೇಲೆ ಕೂತ್ಕಳಿ. ನಿನ್ನೆ ನಾನು ಮಾತಾಡಬೇಕಿತ್ತು, ತಪ್ಪಾಯ್ತು" ಎಂದೆ. "ಬುಡಿ ಸಾ, ದಿನಾ ಇದ್ದದ್ದೇಯ" ಎಂದರು. ಆದರೂ ಎದ್ದು ಬಂದು ಬೆಂಚಿನ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಗೆಳೆಯರು ಬಂದಾಗ ಹಿಂದೆ ಕೇಳಿದ್ದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟೆ. ನಿನ್ನೆಯ ಮಾತು ತಪ್ಪು ಎಂದೂ ಹೇಳಿದೆ. ಈಗ ಮೂವರಲ್ಲಿ ಒಬ್ಬರು ಬೇರೆ ಹೊತ್ತಿಗೆ ಬರುತ್ತಾರೆ. ಇಬ್ಬರು ಜೊತೆಗಿದ್ದಾರೆ. ನನ್ನ ನಡಿಗೆ ಹಗುರವಾಗಿದೆ.

ಬಂಧುಗಳೇ, ಇಂದು ನಿಮ್ಮೂರಿನ ಪಾರ್ಕಿಗೋ ಕೆರೆಗೋ ಮಕ್ಕಳನ್ನು ಕರೆದುಕೊಂಡು ಹೋಗಿ. ಸಂತೋಷವಾಗಿ ನಡೆಯಿರಿ. ನಡೆಯುವಾಗ ದಾರಿ ಗುಡಿಸಿದವರು ಯಾರು, ಅವರು ಎಲ್ಲಿ ಕೂತಿದ್ದಾರೆ ಎಂಬುದನ್ನೂ ಗಮನಿಸಿ. ಸಮ್ಯಕ್ ಸ್ಮೃತಿ ಅಲ್ಲಿಂದಲೇ ಶುರುವಾಗಲಿ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.